ಕಿಡಿಗೂ ಸೌದೆಗೂ ನಡುವಿನ ಐದು ನಿಮಿಷ

ಒದ್ದೆ ಕಡ್ಡಿಯೊಂದನ್ನು ಉರಿಗೆ ಹಿಡಿದು ಸುಮ್ನೆ ನೋಡ್ತಾ ಕೂತರೆ ಬೆಂಕಿಯ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಮೊದಲು ತೊಗಟೆಗೆ ಮಸಿ ಹಿಡಿಯುತ್ತದೆ. ಆಮೇಲೆ ಸುಯ್ ಅನ್ನುವ ಸಣ್ಣ ಸದ್ದು. ಕಡ್ಡಿಯ ಕತ್ತರಿಸಿದ ತುದಿಯಲ್ಲಿ ನೊರೆ ಬರುತ್ತದೆ. ಒಳಗಿನ ನೀರು ಕುದಿದು ಹೊರಗೆ ನುಗ್ಗುತ್ತಿದೆ ಅಂತ ಅರ್ಥ. ಆ ನೀರು ಹೋಗುವ ತನಕ ಅಲ್ಲಿನ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮರ ಹೊತ್ತಿಕೊಳ್ಳಬೇಕಾದರೆ ಸುಮಾರು 300 ಡಿಗ್ರಿ ಬೇಕು. ನಡುವಿನ ಆ 200 ಡಿಗ್ರಿ ದಾಟುವುದರೊಳಗೆ ಕೈಲಿದ್ದ ಬೆಂಕಿಕಡ್ಡಿ ಮುಗಿದಿರುತ್ತದೆ.

ಕಾಡಿನಲ್ಲಿ ಟೆಂಟ್ ಹಾಕಿ ಮಲಗುವವರ ಚೀಲದಲ್ಲಿ, ತುರ್ತಿಗೆಂದು ಕಟ್ಟಿಟ್ಟ ಕಿಟ್‌ಗಳಲ್ಲಿ ಬೆಂಕಿ ಹೊತ್ತಿಸುವ ಪುಟ್ಟ ವಸ್ತುಗಳು ಇದ್ದೇ ಇರುತ್ತವೆ. ಗೀರಿದರೆ ಕಿಡಿ ಹಾರಿಸುವ ಫೆರೋ ರಾಡ್, ಲೈಟರ್, ಮೇಣದ ಬಿಲ್ಲೆ, ಪೆಟ್ರೋಲಿಯಂ ಜೆಲ್ಲಿ (ವ್ಯಾಸಲೀನ್ ಥರದ್ದು) ಸವರಿದ ಹತ್ತಿ, ಹೀಗೆ. ತೂಕ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ. ನಾನೂ ಇಂಥ ಒಂದಿಷ್ಟು ವಸ್ತುಗಳನ್ನು ಗ್ರಾಂ ತಕ್ಕಡಿ, ಸ್ಟಾಪ್‌ವಾಚ್, ಕಬ್ಬಿಣದ ತಟ್ಟೆ ಮತ್ತು ಪಕ್ಕದಲ್ಲೊಂದು ಬಕೆಟ್ ನೀರು ಇಟ್ಟುಕೊಂಡು ಮತ್ತೆ ಮತ್ತೆ ಉರಿಸಿ ನೋಡಿದ್ದೇನೆ. ಕಿಡಿ ಹುಟ್ಟಿಸುವುದು ಕಷ್ಟದ ಕೆಲಸವೇ ಅಲ್ಲ. ಕಿಡಿ ಬಿದ್ದ ಹೊತ್ತಿನಿಂದ ಸೌದೆ ತಾನಾಗಿ ಉರಿಯುವ ಹೊತ್ತಿನವರೆಗಿನ ನಾಲ್ಕೈದು ನಿಮಿಷವನ್ನು ಯಾವುದು ತುಂಬಿಕೊಡುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ.

ಕಿಡಿಯಿಂದಲೇ ಶುರು ಮಾಡೋಣ. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಒಂದು ಮಿಶ್ರಲೋಹಕ್ಕೆ ಪೇಟೆಂಟ್ ಪಡೆದರು. ಸೀರಿಯಂ, ಲ್ಯಾಂಥನಂ ಮುಂತಾದ ಅಪರೂಪದ ಲೋಹಗಳಿಗೆ ಕಬ್ಬಿಣ ಬೆರೆಸಿ ಮಾಡಿದ್ದು. ಹೆಸರು ಫೆರೋಸೀರಿಯಂ. ಲೈಟರಿನ ಚಕ್ರದ ಕೆಳಗೆ ಕೂತಿರುವ 'ಕಲ್ಲು' ಇದೇ. ಫೆರೋ ರಾಡ್ ಅಂದರೆ ಇದರದ್ದೇ ಉದ್ದನೆಯ ಕಡ್ಡಿ. ಚೂಪು ಅಂಚಿನ ಉಕ್ಕಿನಿಂದ ಗೀರಿದರೆ ಸಣ್ಣ ಸಣ್ಣ ಚೂರು ಹಾರುತ್ತವೆ. ಸೀರಿಯಂ 200 ಡಿಗ್ರಿ ಒಳಗೇ ಹೊತ್ತಿಕೊಳ್ಳುವ ಲೋಹ. ಗೀರುವಾಗಿನ ತಿಕ್ಕಾಟದ ಬಿಸಿಯೇ ಅದಕ್ಕೆ ಸಾಕು. ಚೂರು ಗಾಳಿಯಲ್ಲೇ ಉರಿದು ಸುಮಾರು 3000 ಡಿಗ್ರಿ ಮುಟ್ಟುತ್ತದೆ.

ಹಳೆಯ ಚಕಮಕಿ ಕಲ್ಲಿನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಉರಿಯುವುದು ಕಲ್ಲಲ್ಲ, ಕಲ್ಲು ಕೆರೆದು ತೆಗೆದ ಉಕ್ಕಿನ ಚೂರು. ಆ ಕಿಡಿಯ ಬಿಸಿ ಕಡಿಮೆ. ಅದಕ್ಕೇ ಅದಕ್ಕೆ ಗಾಳಿಯಾಡದ ಡಬ್ಬಿಯಲ್ಲಿ ಸುಟ್ಟು ಕರಿಮಾಡಿದ ಹತ್ತಿಬಟ್ಟೆಯೋ, ಒಣಗಿದ ಅಣಬೆಯ ತಿರುಳೋ ಬೇಕಾಗುತ್ತಿತ್ತು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ 5000 ವರ್ಷಕ್ಕೂ ಹಳೆಯ ಮನುಷ್ಯ ಓಟ್ಜಿಯ ಸೊಂಟದ ಚೀಲದಲ್ಲೂ ಇಂಥ ಅಣಬೆ ಇತ್ತು. ಬರ್ಚ್ ತೊಗಟೆಯ ಡಬ್ಬಿಯಲ್ಲಿ ಹಸಿ ಎಲೆಯಲ್ಲಿ ಸುತ್ತಿದ ಇದ್ದಿಲೂ ಇತ್ತು. ಕೆಂಡ ಜೋಪಾನವಾಗಿ ಒಯ್ಯಲು ಮಾಡಿಕೊಂಡ ಏರ್ಪಾಡು ಅದು. ಹಗುರವಾದ ಬೆಂಕಿ ಕಿಟ್ ಎಷ್ಟು ಹಳೆಯದು ನೋಡಿ!

ಸರಿ, 3000 ಡಿಗ್ರಿಯ ಕಿಡಿ ಇದ್ದರೂ ಒಂದು ಪುರಲೆಗೆ ಬೆಂಕಿ ಹತ್ತೋದಿಲ್ಲ ಯಾಕೆ? ಬಿಸಿಯ ಮಟ್ಟ ಬೇರೆ, ಶಾಖದ ಪ್ರಮಾಣ ಬೇರೆ. ಗ್ರೈಂಡರಿನಿಂದ ಹಾರುವ ಕಿಡಿ ಕೈಗೆ ತಾಕಿದರೆ ಚುರುಕ್ ಅನ್ನುತ್ತದೆ ಅಷ್ಟೆ. ಒಂದು ಚಮಚ ಕುದಿಯುವ ನೀರು ಬಿದ್ದರೆ ಬೊಬ್ಬೆ ಏಳುತ್ತದೆ. ಕಿಡಿಯ ತೂಕವೇ ಇಲ್ಲವೆನ್ನುವಷ್ಟು. ಅದರೊಳಗಿನ ಶಾಖ ಕೂದಲಿಗಿಂತ ತೆಳ್ಳಗಿನ ನಾರನ್ನು ಹೊತ್ತಿಸಲು ಮಾತ್ರ ಸಾಕು. ಹತ್ತಿ ಅಂಥದ್ದೇ ನಾರು.

ಆದರೆ ಒಣ ಹತ್ತಿಯ ಉಂಡೆ ಭಗ್ ಅಂತ ಹೊತ್ತಿ ಅರ್ಧ ನಿಮಿಷದೊಳಗೆ ಬೂದಿ. ಅದೇ ಉಂಡೆಗೆ ಪೆಟ್ರೋಲಿಯಂ ಜೆಲ್ಲಿ ತಿಕ್ಕಿ ನೋಡಿ. ಹೊರಗಿನ ನಾರು ಉರಿಯುತ್ತದೆ, ಆ ಶಾಖಕ್ಕೆ ಜೆಲ್ಲಿ ಕರಗುತ್ತದೆ, ನಾರುಗಳ ಸಂದಿಯಲ್ಲಿ ಮೇಲೇರುತ್ತದೆ, ಅಲ್ಲಿ ಆವಿಯಾಗುತ್ತದೆ. ಉರಿಯುವುದು ಆ ಆವಿ. ಹತ್ತಿ ಬತ್ತಿಯಾಗಿ ನಿಂತುಬಿಡುತ್ತದೆ. ಮೇಣದಬತ್ತಿಯಲ್ಲಿ ನಡೆಯುವುದೂ ಇದೇ. ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳಿಗೆ ಉಪನ್ಯಾಸ ಕೊಡುವಾಗ ಇದನ್ನು ತೋರಿಸಿದ್ದರು: ಈಗಷ್ಟೇ ಆರಿಸಿದ ಬತ್ತಿಯಿಂದ ಏಳುವ ಹೊಗೆಗೆ ಉರಿ ಹಿಡಿದರೆ, ಜ್ವಾಲೆ ಗಾಳಿಯಲ್ಲೇ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಮರೆಯೋದಿಲ್ಲ.

ಜೆಲ್ಲಿ ತುಂಬಿದ ಉಂಡೆ ನಾಲ್ಕೈದು ನಿಮಿಷ ಆರಾಮಾಗಿ ಉರಿಯುತ್ತದೆ. ಈಗ ಸ್ವಲ್ಪ ಲೆಕ್ಕ ಹಾಕೋಣ. ಪೆನ್ಸಿಲ್ ದಪ್ಪದ, ಗೇಣುದ್ದದ ಒದ್ದೆ ಕಡ್ಡಿಯಲ್ಲಿ 2 ಗ್ರಾಂ ನೀರಿದೆ ಅಂದುಕೊಳ್ಳಿ. 20 ಡಿಗ್ರಿಯಿಂದ ಕುದಿಸಿ ಪೂರ್ತಿ ಆವಿ ಮಾಡಲು ಸುಮಾರು 5 ಕಿಲೋಜೂಲ್ ಶಾಖ ಬೇಕು. ಒಂದು ಬೆಂಕಿಕಡ್ಡಿ ಪೂರ್ತಿ ಉರಿದರೆ ಸಿಗುವುದು ಒಂದೆರಡು ಕಿಲೋಜೂಲ್. ಅದರಲ್ಲೂ ಬಹುಪಾಲು ಗಾಳಿಪಾಲು. ಅಂದರೆ ಕಡ್ಡಿ ಮೇಲೆ ಕಡ್ಡಿ ಗೀರಿದರೂ ಆ ಸೌದೆ ಒಣಗೋದಿಲ್ಲ. ಅದೇ ಒಂದು ಗ್ರಾಂ ಜೆಲ್ಲಿಯಲ್ಲೋ ಮೇಣದಲ್ಲೋ 40 ಕಿಲೋಜೂಲಿಗೂ ಜಾಸ್ತಿ ಶಾಖ ಇದೆ. 3 ಗ್ರಾಂ ಇದ್ದರೆ 120ರ ಮೇಲೆ. ಹತ್ತರಲ್ಲಿ ಒಂದು ಪಾಲು ಮಾತ್ರ ಮರಕ್ಕೆ ತಲುಪಿದರೂ ಅಂಥ ಎರಡು ಕಡ್ಡಿ ಪೂರ್ತಿ ಒಣಗುತ್ತವೆ. ಒಂದು ಹತ್ತಿಕೊಂಡರೆ ಪಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ. ಒಣ ಮರದಲ್ಲಿ ಗ್ರಾಂಗೆ 18 ಕಿಲೋಜೂಲಿನಷ್ಟೇ ಇರುವುದು. ಹಾಗಾಗಿ ಹೊತ್ತುಕೊಂಡು ಹೋಗೋದಾದರೆ ಎಣ್ಣೆ, ಮೇಣದ ಜಾತಿಯದ್ದೇ ಮೇಲು.

ಹಾಗಂತ ನಿಮಿಷ ಮಾತ್ರ ಅಳೆದರೆ ಮೋಸ ಹೋಗ್ತೀವಿ. ಬಟ್ಟಲಿನ ಸಣ್ಣ ಮೇಣದಬತ್ತಿ ಗಂಟೆಗಟ್ಟಲೆ ಉರಿಯುತ್ತದೆ. ಆದರೆ ಅದರ ಜ್ವಾಲೆ ಉಗುರಿನಷ್ಟು. ಒಂದು ಕಡೆ ಒಣಗಿಸುವಷ್ಟರಲ್ಲಿ ಕಡ್ಡಿಯ ಶಾಖ ಇನ್ನೊಂದು ಕಡೆಯಿಂದ ಹೋಗಿರುತ್ತದೆ. ಜ್ವಾಲೆ ಒಂದು ಬೆರಳುದ್ದವಾದರೂ ಇರಬೇಕು. ನಾನು ಎರಡನ್ನೂ ಬರೆದಿಡುತ್ತೇನೆ, ಎಷ್ಟು ಎತ್ತರ, ಎಷ್ಟು ಹೊತ್ತು.

ಇನ್ನೊಂದು ಮೋಸ ಅಂದ್ರೆ ಒಣ ವಸ್ತು, ಗಾಳಿಯಿಲ್ಲದ ಕೋಣೆ, ಬೆಚ್ಚಗಿನ ಕೈ. ಹಾಗೆ ಪರೀಕ್ಷೆ ಮಾಡಿದರೆ ಎಲ್ಲವೂ ಪಾಸು. ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಬೆಳಿಗ್ಗೆ ಒಮ್ಮೆ ಕೊಡವಿ ಹೊತ್ತಿಸಿ. ಆಗ ಬಣ್ಣ ಬಯಲಾಗುತ್ತದೆ. ಸಾದಾ ನಾರು, ದಾರ, ಬೆಂಕಿಪೊಟ್ಟಣ ಅಲ್ಲೇ ಸೋತುಹೋಗುತ್ತವೆ. ಜೆಲ್ಲಿ ಹತ್ತಿ ಗೆಲ್ಲುತ್ತದೆ, ನೀರು ಒಳಗೆ ಇಳಿಯುವುದಿಲ್ಲ. ಕರಗಿದ ಮೇಣದಲ್ಲಿ ಅದ್ದಿ ಒಣಗಿಸಿದ ಹತ್ತಿ ಬಿಲ್ಲೆಯೂ ಗೆಲ್ಲುತ್ತದೆ, ಕೈಗೆ ಜಿಡ್ಡೂ ಆಗೋದಿಲ್ಲ. ಒಂದೇ ಕಿವಿಮಾತು: ಬಿಲ್ಲೆಯ ಮೇಲೆ ಎಷ್ಟೇ ಕಿಡಿ ಸುರಿಸಿದರೂ ಮೇಣ ಹೊತ್ತಿಕೊಳ್ಳೋದಿಲ್ಲ. ಅದನ್ನು ಅರ್ಧಕ್ಕೆ ಹರಿಯಬೇಕು. ಹರಿದ ಅಂಚಿನಲ್ಲಿ ಮೇಣ ತಾಕದ ಬಿಳಿ ನಾರು ಎದ್ದು ನಿಲ್ಲುತ್ತದಲ್ಲ, ಕಿಡಿ ಕೂರುವ ಜಾಗ ಅದು. ಜೆಲ್ಲಿ ಉಂಡೆಯದ್ದೂ ಹಾಗೇ, ಬೆರಳಿಂದ ಎಳೆದು ನಯವಾಗಿ ಬಿಡಿಸಬೇಕು. ಬಿಡಿಸದೆ ಗೀರಿ ಗೀರಿ ಸಾಕಾಗಿ ವಸ್ತುವೇ ಸರಿಯಿಲ್ಲ ಅನ್ನುವವರು ಜಾಸ್ತಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆಗ್ನೀಸಿಯಂ ತುರಿ ಭಯಂಕರ ಬಿಸಿ ಕೊಡುತ್ತದೆ, ಆದರೆ ಕ್ಷಣದಲ್ಲಿ ಮುಗಿಯುತ್ತದೆ, ಗಾಳಿ ಬೀಸಿದರೆ ತುರಿಯೇ ಹಾರಿಹೋಗುತ್ತದೆ. ಹೆಕ್ಸಮೈನ್ ಅನ್ನುವ ಗಟ್ಟಿ ಇಂಧನದ ಬಿಲ್ಲೆ ಚೆನ್ನಾಗಿ ಉರಿಯುತ್ತದೆ, ಹೊಗೆ ಮೂಗಿಗೆ ಒಳ್ಳೆಯದಲ್ಲ. ಸೈಕಲ್ ಟ್ಯೂಬಿನ ತುಂಡು ನೀರಿಗೆ ಜಗ್ಗುವುದಿಲ್ಲ, ಕರೀ ಹೊಗೆ ಕಾರುತ್ತದೆ. ಆಲ್ಕೋಹಾಲ್ ಇರುವ ಕೈಜೆಲ್ ಮಾತ್ರ ಬೇಡ ಅಂತೀನಿ. ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣೋದೇ ಇಲ್ಲ, ಆರಿದೆ ಅಂತ ಕೈ ಇಟ್ಟರೆ ಸುಡುತ್ತದೆ.

ಲೈಟರಿಗಿಂತ ಸುಲಭದ್ದು ಇನ್ನೊಂದಿಲ್ಲ, ನನ್ನ ಚೀಲದಲ್ಲೂ ಮೊದಲು ಕೈಗೆ ಸಿಗುವುದು ಅದೇ. ಆದರೆ ಒಳಗಿನ ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅದಕ್ಕಿಂತ ಚಳಿಯಾದರೆ ದ್ರವ ಅನಿಲವಾಗಿ ಹೊರಗೆ ಬರೋದೇ ಇಲ್ಲ. ಒಳಜೇಬಿನಲ್ಲಿಟ್ಟು ಮೈಬಿಸಿಗೆ ಬೆಚ್ಚಗೆ ಮಾಡಿದರೆ ಮತ್ತೆ ಹತ್ತುತ್ತದೆ. ಚಕ್ರ ಒದ್ದೆಯಾದರೂ ಕಿಡಿ ಬರೋದಿಲ್ಲ, ಬಟ್ಟೆ ಮೇಲೆ ಉರುಳಿಸಿ ಒಣಗಿಸಬೇಕು. ಫೆರೋ ರಾಡಿಗೆ ಚಳಿಯ ಚಿಂತೆ ಇಲ್ಲ. ಹೊಸದಾದರೆ ಮೇಲಿನ ಕಪ್ಪು ಲೇಪ ಕೆರೆದು ತೆಗೆಯಿರಿ. ಉಪ್ಪುನೀರು ತಾಗಿದರೆ ತೊಳೆದು ಒರೆಸಿ, ಇಲ್ಲದಿದ್ದರೆ ಅದು ನಿಧಾನಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ.

ನನ್ನ ಕೊನೆಯ ಪರೀಕ್ಷೆ ತಣ್ಣೀರಿನದು. ಐಸ್ ನೀರಲ್ಲಿ ಎರಡು ನಿಮಿಷ ಕೈ ಅದ್ದಿ, ಆಮೇಲೆ ಡಬ್ಬಿ ತೆಗೆಯೋದು. ಬೆರಳು ಮರಗಟ್ಟಿದಾಗ ಬಿಗಿ ಮುಚ್ಚಳ ತಿರುಗೋದಿಲ್ಲ, ಪುಟ್ಟ ಜಿಪ್ ಸಿಗೋದಿಲ್ಲ. ಹಗುರ ಅಂತ ತೀರಾ ಸಣ್ಣದು ಮಾಡಿದ ರಾಡ್ ಕೈಯಿಂದ ಜಾರುತ್ತದೆ. ಹಿಡಿಗೆ ಎರಡು ಗ್ರಾಂ ಜಾಸ್ತಿ ಹೊರುವುದೇ ವಾಸಿ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಮಳೆಯಲ್ಲಿ ಸಿಕ್ಕ ಕೊಂಬೆಯನ್ನು ಸೀಳಿ, ಒಳಗಿನ ಒಣ ಭಾಗದಿಂದ ಕಡ್ಡಿಗಿಂತ ತೆಳ್ಳನೆಯ ಸಿಬಿರು ತೆಗೆದು ಉಂಡೆಯ ಮೇಲೆ ಸಡಿಲವಾಗಿ ಒರಗಿಸಿ. ಒಂದು ಸೆಂಟಿಮೀಟರಿನ ಘನವನ್ನು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ ಗಾಳಿ ತಾಕುವ ಮೈ ಹತ್ತು ಪಟ್ಟು ಹೆಚ್ಚುತ್ತದೆ. ಸಿಬಿರು ಬೇಗ ಹತ್ತುವುದಕ್ಕೆ ಅದೂ ಒಂದು ಕಾರಣ. ಸುಯ್ ಅನ್ನುವ ಸದ್ದು ನಿಂತು ಚಟಪಟ ಶುರುವಾದರೆ ಕಡ್ಡಿ ಹೊತ್ತಿಕೊಂಡಿದೆ. ಆಗಲೂ ಉಂಡೆ ಉರಿಯುತ್ತಿದ್ದರೆ ಕಡ್ಡಿಯಿಂದ ಹೊರಗೆಳೆದು ಆರಿಸಿ, ತಣ್ಣಗಾದ ಮೇಲೆ ಡಬ್ಬಿಗೆ ಹಾಕಿಕೊಳ್ಳಿ. ಉಳಿದ ಅರ್ಧ ಇನ್ನೊಂದು ಸಂಜೆಗೆ ಆಗುತ್ತದೆ.