ಸಿಒಎಫ್ ಟಿಪ್ಪಣಿ: ನೀರು ಬಿಡೋ ರಿಯಾಕ್ಷನ್‌ಗೆ ನೀರನ್ನೇ ಯಾಕೆ ಹಾಕ್ತಾರೆ?

ಐಐಎಸ್ಸಿ, ಜಕ್ಕೂರು ಕಡೆ ಪ್ರಾಜೆಕ್ಟ್‌ಗೆ ಸೇರ್ತಿರೋ ಎಂಎಸ್ಸಿ ಗೆಳೆಯರಿಗೆ, ಕೋವೇಲೆಂಟ್ ಆರ್ಗಾನಿಕ್ ಫ್ರೇಮ್‌ವರ್ಕ್ (ಸಿಒಎಫ್) ಬಗ್ಗೆ, ಅಂದ್ರೆ ಆರ್ಗಾನಿಕ್ ಮಾಲಿಕ್ಯೂಲ್‌ಗಳನ್ನ ಕೋವೇಲೆಂಟ್ ಬಾಂಡಲ್ಲಿ ಹೆಣೆದ ಸಣ್ಣ ತೂತುಗಳ ಕ್ರಿಸ್ಟಲ್ ಜಾಲ.

ಡಿಸೈನ್ ಸುಲಭ. ಮೂರು ಕೈಯ ಮಾಲಿಕ್ಯೂಲ್‌ಗೆ ನೆಟ್ಟಗಿರೋ ಎರಡು ಕೈಯದ್ದು ಸೇರಿಸಿದ್ರೆ ಷಟ್ಕೋನದ ಹಾಳೆ, ನಾಲ್ಕು ಕೈಯ ಪಾರ್ಫಿರಿನ್ ಆದ್ರೆ ಚೌಕ, ಟೆಟ್ರಾಹೆಡ್ರಲ್ ಆದ್ರೆ ವಜ್ರದ ಥರ 3ಡಿ ಜಾಲ. ಕೈಗಳು ಬಳುಕಬಾರದು, ಅಷ್ಟೆ. 2005ರಲ್ಲಿ ರಸಾಯನ ವಿಜ್ಞಾನಿ ಒಮರ್ ಯಾಘಿ ಗುಂಪು ಮಾಡಿದ ಸಿಒಎಫ್-1, ಸಿಒಎಫ್-5 ಬೋರಾನ್-ಆಕ್ಸಿಜನ್ ಬಾಂಡ್‌ನವು, ತೇವ ತಾಗಿದ್ರೆ ಬಿಟ್ಕೊಳ್ತವೆ, ಬೆಂಗಳೂರಿನ ಮಳೆಗಾಲದಲ್ಲಿ ಅಂಥ ಸ್ಯಾಂಪಲ್ ಬೆಂಚ್ ಮೇಲೆ ತೆರೆದಿಡಲೇಬೇಡಿ.

ಈಗ ಇಮೀನ್, ಅಂದ್ರೆ ಕಾರ್ಬನ್-ನೈಟ್ರೋಜನ್ ಡಬಲ್ ಬಾಂಡ್‌ನ ಸಿಒಎಫ್. ಅಲ್ಡಿಹೈಡ್, ಅಮೀನ್ ಸೇರಿದ್ರೆ ಇಮೀನ್ ಆಗಿ ನೀರು ಹೊರಬೀಳುತ್ತೆ. ಹಾಗಿದ್ರೆ ನೀರು ತೆಗೀಬೇಕಲ್ವಾ? ಆದ್ರೆ ಸಾಮಾನ್ಯ ವಿಧಾನದಲ್ಲಿ ಡೈಆಕ್ಸೇನ್ ಅನ್ನೋ ಸಾಲ್ವೆಂಟ್ ಜೊತೆ ನೀರಲ್ಲಿ ಬೆರೆಸಿದ ಅಸಿಟಿಕ್ ಆಸಿಡ್, ಹೆಚ್ಚಾಗಿ 3 ಇಲ್ಲಾ 6 ಮೋಲಾರ್, ಹಾಕಿ ಟ್ಯೂಬ್ ಸೀಲ್ ಮಾಡಿ 120 ಡಿಗ್ರಿಲಿ ಮೂರು ದಿನ ಇಡ್ತಾರೆ. ಇಲ್ಲೇ ನಂಗೆ ತಲೆ ಕೆಟ್ಟಿದ್ದು.

ವಿಷ್ಯ ಏನಂದ್ರೆ ಬಾಂಡ್ ಬೇಗ ಆಗ್ಬಿಡುತ್ತೆ, ಮೊದಲು ಬೀಳೋ ಪುಡಿ ಹೆಚ್ಚಾಗಿ ಅಮಾರ್ಫಸ್ (ಕ್ರಮ ಇಲ್ಲದ್ದು), ಕೈಗಳು ಸಿಕ್ಕ ಸಿಕ್ಕ ಕಡೆ ಅಂಟ್ಕೊಂಡಿರ್ತವೆ. ನೀರು ಇದ್ರೆ ಇಮೀನ್ ಮತ್ತೆ ಅಲ್ಡಿಹೈಡ್, ಅಮೀನ್ ಆಗಿ ಬಿಚ್ಕೊಳ್ಳುತ್ತೆ, ಆಸಿಡ್ ಕಟ್ಟೋದು ಬಿಚ್ಚೋದು ಎರಡನ್ನೂ ಚುರುಕು ಮಾಡುತ್ತೆ. ಸರಿಯಾಗಿ ಕೂತಿರೋ ತುಂಡಿಗೆ ಸುತ್ತಲಿನ ಬಾಂಡು, ಮೇಲೆ ಕೆಳಗಿನ ಹಾಳೆಗಳ ಹಿಡಿತ ಇರುತ್ತೆ, ತಪ್ಪಾಗಿ ಅಂಟಿದ್ದಕ್ಕೆ ಆ ಆಸರೆ ಇಲ್ಲ, ಹಾಗಾಗಿ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಕೊನೆಗೆ ಉಳಿಯೋದು ಸಾಲಾಗಿ ಕೂತದ್ದೇ. ನೀರು ತೀರಾ ಕಮ್ಮಿ ಆದ್ರೆ ಅಮಾರ್ಫಸ್ಸಲ್ಲೇ ನಿಲ್ಲುತ್ತೆ, ಜಾಸ್ತಿ ಆದ್ರೆ ಜಾಲ ಬೆಳೆಯೋದೇ ಇಲ್ಲ. ಟ್ಯೂಬ್ ಸೀಲ್ ಮಾಡೋದೂ ಒಳಗಿನ ನೀರು ಒಳಗೇ ಇರ್ಲಿ ಅಂತ.

ಇಷ್ಟು ಹಿಡಿದ್ರೆ ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ)ನಲ್ಲಿ ರಾಹುಲ್ ಬ್ಯಾನರ್ಜಿ ಗುಂಪು 2012ರಲ್ಲಿ ತೋರಿಸಿದ ಟಿಪಿಪಿಎ-1 ಅನ್ನೋ ಸಿಒಎಫ್ ಎಷ್ಟು ಚೆಂದ ಅಂತ ಗೊತ್ತಾಗುತ್ತೆ. ಮೊದಲು ರಿವರ್ಸಿಬಲ್ ಇಮೀನ್, ಕ್ರಿಸ್ಟಲ್ ಆಗೋಕೆ. ಆಮೇಲೆ ಪಕ್ಕದ ಓಎಚ್‌ನ ಹೈಡ್ರೋಜನ್ ನೈಟ್ರೋಜನ್‌ಗೆ ಹೋಗಿ ಕೀಟೋ ರೂಪ, ಅಲ್ಲಿಂದ ವಾಪಸ್ ಬರಲ್ಲ. ಅದಕ್ಕೇ 9 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡಲ್ಲೂ ಹಾಳಾಗಲ್ಲ.

ತೊಳೆದು ವ್ಯಾಕ್ಯೂಮಲ್ಲಿ ಒಣಗಿಸಿ, 77 ಕೆಲ್ವಿನ್‌ನಲ್ಲಿ ನೈಟ್ರೋಜನ್ ಹೀರಿಸಿ ಬಿಇಟಿ (ಒಳಗಿನ ಮೇಲ್ಮೈ ವಿಸ್ತೀರ್ಣ) ನೋಡಿ.

ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಡಿಫ್ರಾಕ್ಷನ್) ನನ್ನ ಶಾರ್ಟ್‌ಕಟ್: ಕಾಪರ್ ಸೋರ್ಸ್ ಆದ್ರೆ 88ನ್ನ ಪೀಕ್‌ನ ಕೋನ 2ಥೀಟಾದಿಂದ ಭಾಗಿಸಿ, ಸಾಲುಗಳ ನಡುವಿನ ಅಂತರ ಡಿ ಆಂಗ್‌ಸ್ಟ್ರಮ್‌ನಲ್ಲಿ ಸಿಗುತ್ತೆ. ಇಮೀನ್ ಸಿಒಎಫ್ ಆದ ಸಿಒಎಫ್-ಎಲ್‌ಜೆಡ್‌ಯು1ರ ಮೊದಲ ಪೀಕ್ 4.7 ಡಿಗ್ರಿ, ಅಂದ್ರೆ ಸುಮಾರು 18.7. ಷಟ್ಕೋನದ ಜಾಲ ಅಂದ್ಮೇಲೆ ಅದನ್ನ 1.155ರಿಂದ ಗುಣಿಸಿದ್ರೆ ಸೆಲ್‌ನ ಅಗಲ, 21.6. ಈ ಶಾರ್ಟ್‌ಕಟ್ ಸಣ್ಣ ಕೋನದಲ್ಲೇ ಕೆಲಸ ಮಾಡೋದು ಗೊತ್ತಲ್ಲ, ಸ್ಕ್ಯಾನ್ 2 ಡಿಗ್ರಿಯಿಂದ್ಲೇ ಶುರು ಮಾಡಿ ಅಂತ ಆಪರೇಟರ್‌ಗೆ ಮೊದಲೇ ಹೇಳಿಡಿ, 10ರಿಂದ ಓಡಿಸಿದ್ರೆ ಈ ಪೀಕೇ ಕಾಣಲ್ಲ.