ನಾಲ್ಕು ಹಳಿಗಳ ಮೇಲೊಂದು ಉಗಿ ಎಂಜಿನ್

ಕಂಪ್ಯೂಟರಿನಲ್ಲಿ 3ಡಿ ಮಾದರಿ ಕಟ್ಟುವ ಬ್ಲೆಂಡರ್ ತಂತ್ರಾಂಶ ತೆರೆದು, ಎಂಜಿನ್ ಮಾದರಿಯನ್ನು ಆರಿಸಿಕೊಂಡು, ಕೀಬೋರ್ಡಿನಲ್ಲಿ ಎಸ್ ಒತ್ತಿ, 2 ಒತ್ತಿ, ಎಂಟರ್ ಕೊಟ್ಟರೆ ಸಾಕು. ಎಂಜಿನ್ ಎರಡು ಪಟ್ಟು ದೊಡ್ಡದಾಗುತ್ತದೆ. ನಾನೂ ಮೊದಲು ಹಾಗೇ ಮಾಡಿದೆ. ಯಾರೂ ಯಾವತ್ತೂ ಕಟ್ಟದ ಒಂದು ದೈತ್ಯ ಉಗಿ ಎಂಜಿನ್ನನ್ನು ಕಂಪ್ಯೂಟರಿನಲ್ಲಾದರೂ ಕಟ್ಟಬೇಕು ಅನ್ನುವುದು ನನ್ನ ಬಹಳ ದಿನಗಳ ಆಸೆ. ಅಕ್ಕನ ಮಗಳನ್ನು ಕರೆದು ತೋರಿಸಿದೆ. "ಚೆನ್ನಾಗಿದೆ ಮಾಮ, ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ನೋಡಿದ್ವಲ್ಲ, ಅದೇ ಥರ ಇದೆ" ಅಂದಳು.

ಹತ್ತು ಮೀಟರ್ ಎತ್ತರ, ಮೂರಂತಸ್ತಿನ ಮನೆಯಷ್ಟು. ಅದು ಅವಳ ಕಣ್ಣಿಗೆ ಮಾಮೂಲಿ ಎಂಜಿನ್ ಆಗಿತ್ತು.

ಅವಳು ಹೇಳಿದ್ದು ಸರಿಯೇ. ಪರದೆಯ ಮೇಲೆ ಅಳತೆಪಟ್ಟಿ ಇರುವುದಿಲ್ಲ, ಹಾಗಾಗಿ ಕಣ್ಣು ತನಗೆ ಗೊತ್ತಿರುವ ವಸ್ತುಗಳನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಏಣಿಯ ಮೆಟ್ಟಿಲುಗಳ ನಡುವೆ ಸುಮಾರು ಒಂದಡಿ ಇರುತ್ತದೆ, ಯಾಕೆಂದರೆ ನಮ್ಮ ಕಾಲು ಅಷ್ಟೇ ಸಲೀಸಾಗಿ ಎತ್ತುವುದು. ಹಿಡಿದುಕೊಳ್ಳುವ ಕಂಬಿ ಸುಮಾರು 3 ಸೆಂಟಿಮೀಟರ್ ದಪ್ಪ, ನಮ್ಮ ಮುಷ್ಟಿ ಹಿಡಿಯುವುದು ಅಷ್ಟನ್ನೇ. ನಾನು ಎಂಜಿನ್ ಜೊತೆಗೆ ಕಂಬಿಯನ್ನೂ ಏಣಿಯನ್ನೂ ಬಾಗಿಲನ್ನೂ ಹಿಗ್ಗಿಸಿಬಿಟ್ಟಿದ್ದೆ. ಅಂದರೆ ಎಂಜಿನ್ ಓಡಿಸುವ ಮನುಷ್ಯನನ್ನೂ ಹನ್ನೆರಡಡಿ ಮಾಡಿದ ಹಾಗಾಯಿತು. ಬಾಯ್ಲರ್ ಎಷ್ಟಾದರೂ ಬೆಳೆಯಲಿ, ಕಂಬಿ ಮಾತ್ರ 3 ಸೆಂಟಿಮೀಟರಿನಲ್ಲೇ ನಿಲ್ಲಬೇಕು. ಏಣಿಗೆ ಮೆಟ್ಟಿಲುಗಳ ಸಂಖ್ಯೆ ಹೆಚ್ಚಬೇಕು, ಮೆಟ್ಟಿಲಿನ ಅಳತೆ ಅಲ್ಲ. ಎಂಜಿನ್ ಪಕ್ಕದಲ್ಲೊಂದು ನಡೆದಾಡುವ ಅಟ್ಟಣೆ ಹಾಕಿ, ಅಲ್ಲಿ ಆರಡಿ ಎತ್ತರದ ಒಂದು ಸಣ್ಣ ಬಾಗಿಲು ಇಟ್ಟೆ. ಅಷ್ಟಕ್ಕೇ ಇಡೀ ಎಂಜಿನ್ ಬೆಟ್ಟದ ಹಾಗೆ ಮೇಲೆದ್ದು ನಿಂತಿತು.

ಇಷ್ಟು ಕಣ್ಣಿನ ವಿಷಯ. ನಿಜವಾದ ಕಷ್ಟ ಭಾರದ್ದು.

ನಾನು ಆಧಾರವಾಗಿ ಇಟ್ಟುಕೊಂಡಿದ್ದು ಅಮೆರಿಕದ 'ಬಿಗ್ ಬಾಯ್' ಎಂಜಿನ್. ಯೂನಿಯನ್ ಪೆಸಿಫಿಕ್ ರೈಲ್ವೆಗಾಗಿ 1941ರಿಂದ 1944ರ ಒಳಗೆ ಇಂಥ 25 ಎಂಜಿನ್ ಕಟ್ಟಿದರು. ಹಿಂದೆ ಜೋಡಿಸುವ ನೀರು, ಕಲ್ಲಿದ್ದಲಿನ ಗಾಡಿ, ಅಂದರೆ ಟೆಂಡರ್, ಬಿಟ್ಟು ಎಂಜಿನ್ ಒಂದೇ ಸುಮಾರು 26 ಮೀಟರ್ ಉದ್ದ, 345 ಟನ್ ತೂಕ. ಎಳೆಯುವ ಗಾಲಿಗಳಿಗೆ ಎಂಟು ಆಕ್ಸಲ್ (ಎರಡು ಗಾಲಿಗಳನ್ನು ಜೋಡಿಸುವ ಅಚ್ಚು), ಒಂದೊಂದರ ಮೇಲೂ ಹೆಚ್ಚುಕಡಿಮೆ 30 ಟನ್ ಭಾರ. ಇದನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ಮಾಡಿದರೆ ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ಎತ್ತರ ಎರಡು ಪಟ್ಟು, ಆದರೆ ತೂಕ ಎರಡೆರಡಲಿ ನಾಲ್ಕು, ನಾಲ್ಕೆರಡಲಿ ಎಂಟು ಪಟ್ಟು. ಅಸಲಿ ಎಂಜಿನ್ನಿನಲ್ಲಿ ಎಂಟೂ ಆಕ್ಸಲ್ ಸೇರಿ ಹೊರುತ್ತಿದ್ದ ಭಾರವನ್ನು ಈಗ ಒಂದೇ ಆಕ್ಸಲ್ ಹೊರಬೇಕು! ಗಾಲಿಗೂ ಹಳಿಗೂ ತಾಗುವ ಜಾಗ ಹೆಬ್ಬೆರಳ ಉಗುರಿನಷ್ಟು. ಗಾಲಿ ಹಿಗ್ಗಿದರೆ ಅದೂ ಹಿಗ್ಗುತ್ತದೆ, ಆದರೆ ಎಂಟು ಪಟ್ಟಲ್ಲ. ಮೂಳೆಗಳ ವಿಚಾರದಲ್ಲಿ ಗೆಲಿಲಿಯೋ ಇದೇ ಮಾತನ್ನು 1638ರಲ್ಲೇ ಹೇಳಿದ್ದ. ಪ್ರಾಣಿ ದೊಡ್ಡದಾದರೆ ಮೂಳೆ ಅದೇ ಆಕಾರದಲ್ಲಿ ಹಿಗ್ಗಿದರೆ ಸಾಲದು, ಇನ್ನೂ ದಪ್ಪಗಾಗಬೇಕು. ಆನೆಯ ಕಾಲು ಜಿಂಕೆಯ ಕಾಲಿನ ಥರ ಇಲ್ಲವಲ್ಲ, ಅದಕ್ಕೇ.

ಹಾಗಾದರೆ ಆಕ್ಸಲ್ ಜಾಸ್ತಿ ಮಾಡಿದರಾಯಿತಲ್ಲ ಅನ್ನಬಹುದು. ಸೋವಿಯತ್ ರಷ್ಯಾದವರು 1934ರಲ್ಲಿ ಅದನ್ನೇ ಮಾಡಿ ನೋಡಿದರು. ಏಳು ಆಕ್ಸಲ್‌ಗಳನ್ನು ಒಂದೇ ಗಟ್ಟಿ ಚೌಕಟ್ಟಿಗೆ ಜೋಡಿಸಿದ ಎಂಜಿನ್. ತಿರುವು ಬಂದಾಗ ಅಷ್ಟುದ್ದದ ಚೌಕಟ್ಟು ಬಾಗಲಿಲ್ಲ, ಬದಲಿಗೆ ಹಳಿಯನ್ನೇ ಅಗಲಿಸಿತು. ಕೆಲವೇ ಓಟಗಳ ನಂತರ ಮೂಲೆ ಸೇರಿ, ಕೊನೆಗೆ ಗುಜರಿಗೆ ಹೋಯಿತು. ಬಾಗಬೇಕೆಂದರೆ ನಡುವೆ ಕೀಲು ಬೇಕು. ಬಂಗಾಳ ನಾಗಪುರ ರೈಲ್ವೆ 1929ರಲ್ಲಿ ಇಂಗ್ಲೆಂಡಿನಿಂದ ತರಿಸಿದ ಗ್ಯಾರಟ್ ಎಂಜಿನ್‌ಗಳಲ್ಲಿ ಅಂಥ ಕೀಲಿತ್ತು. ಮುಂದೊಂದು, ಹಿಂದೊಂದು ಗಾಲಿಗಳ ಗುಂಪು, ನಡುವೆ ತೊಟ್ಟಿಲಿನ ಹಾಗೆ ತೂಗುಬಿದ್ದ ಬಾಯ್ಲರ್. ಅದರಲ್ಲೊಂದು ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಮ್ಮಿನಲ್ಲಿದೆ, ಹೋದರೆ ತಪ್ಪದೆ ನೋಡಿ.

ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. 1914ರಲ್ಲಿ ಅಮೆರಿಕದ ಈರಿ ರೈಲ್ವೆಗೆ ಮೂರು ಗುಂಪು ಗಾಲಿಗಳ 'ಟ್ರಿಪ್ಲೆಕ್ಸ್' ಎಂಜಿನ್ ಬಂತು. ಮೂರನೇ ಗುಂಪನ್ನು ನೀರು, ಕಲ್ಲಿದ್ದಲು ತುಂಬುವ ಟೆಂಡರಿನ ಅಡಿಗೇ ಹಾಕಿದ್ದರು. ಆ ತೂಕವೂ ಎಳೆಯುವ ಗಾಲಿಗಳ ಮೇಲೆ ಬೀಳಲಿ, ಹಿಡಿತ ಹೆಚ್ಚಲಿ ಅನ್ನುವ ಲೆಕ್ಕ. ಒಳ್ಳೆಯ ಯೋಚನೆಯೇ. ಆದರೆ ಓಡುತ್ತಾ ಓಡುತ್ತಾ ನೀರು ಖಾಲಿಯಾಗುತ್ತದಲ್ಲ, ಹಾಗೆ ಹಿಂದಿನ ಗಾಲಿಗಳ ಹಿಡಿತವೂ ಕಡಿಮೆಯಾಗುತ್ತಾ ಬಂತು. ಉಗಿ ಎಂಜಿನ್ನಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯಿಂದ ರಭಸವಾಗಿ ಊದಿಬಿಡುತ್ತಾರೆ, ಒಲೆಗೆ ಗಾಳಿ ಎಳೆಯುವುದೇ ಆ ರಭಸ. ಇಲ್ಲಿ ಉಗಿಯ ಬಲದಿಂದ ಗಾಲಿ ತಿರುಗಿಸುವ ಹಿಂದಿನ ಸಿಲಿಂಡರ್‌ಗಳ ಉಗಿ ಟೆಂಡರಿನ ಹಿಂದಿನ ಕೊಳವೆಯಿಂದ ಸುಮ್ನೆ ಹೊರಗೆ ಹೋಗುತ್ತಿತ್ತು. ಒಲೆ ಸರಿಯಾಗಿ ಉರಿಯಲಿಲ್ಲ. ಆರು ಸಿಲಿಂಡರ್ ಕೇಳಿದಷ್ಟು ಉಗಿಯನ್ನು ಒಂದು ಬಾಯ್ಲರ್ ಕೊಡಲಾಗಲಿಲ್ಲ.

ಇದನ್ನೆಲ್ಲ ಇಟ್ಟುಕೊಂಡು ಕೂತು ಲೆಕ್ಕ ಹಾಕಿದೆ. ಎರಡು ಪಟ್ಟಿನ ಎಂಜಿನ್ 2,760 ಟನ್ ತೂಗುತ್ತದೆ. ಆಕ್ಸಲ್ಲಿಗೆ 30 ಟನ್‌ನಂತೆ 92 ಆಕ್ಸಲ್ ಬೇಕು. 52 ಮೀಟರ್ ಉದ್ದದಲ್ಲಿ ಅಷ್ಟು ಕೂರುವುದೇ ಇಲ್ಲ. ಒಂದೂವರೆ ಪಟ್ಟಿಗೆ ಇಳಿದೆ. ತೂಕ ಸುಮಾರು 1,165 ಟನ್, 39 ಆಕ್ಸಲ್, ಉದ್ದ 39 ಮೀಟರ್. ಗಾಲಿಯನ್ನು ಹಿಗ್ಗಿಸದೆ ಅಸಲಿ ಅಳತೆಯ 1.73 ಮೀಟರಿನಲ್ಲೇ ಬಿಟ್ಟು, ಪಕ್ಕಪಕ್ಕದ ಎರಡು ಹಳಿದಾರಿಗಳ ಮೇಲೆ, ಅಂದರೆ ಒಟ್ಟು ನಾಲ್ಕು ಹಳಿಗಳ ಮೇಲೆ, ಹಂಚಿದರೆ ಒಂದೊಂದು ದಾರಿಗೆ ಇಪ್ಪತ್ತು ಆಕ್ಸಲ್. ಇಪ್ಪತ್ತು ಗಾಲಿ ನಡುವೆ ಚೂರು ಜಾಗ ಬಿಟ್ಟು ಸಾಲಾಗಿ ನಿಂತರೆ 36 ಮೀಟರ್. ಕೂತಿತು!

ಆಮೇಲೆ ನೆನಪಾಯಿತು, ಇಂಥದ್ದೊಂದು ನಿಜಕ್ಕೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಕಟ್ಟಿದ 'ಗುಸ್ತಾವ್' ಫಿರಂಗಿ. 1942ರಲ್ಲಿ ಸೆವಾಸ್ತೊಪೋಲ್ ಊರನ್ನು ಹಾಳುಗೆಡವಲು ಅದನ್ನು ಬಳಸಿದರು. ತೂಕ ಸುಮಾರು 1,350 ಟನ್, ನಾಲ್ಕು ಹಳಿ, 40 ಆಕ್ಸಲ್. ಕೊಲ್ಲುವುದಕ್ಕೇ ಕಟ್ಟಿದ ಯಂತ್ರ, ಅದನ್ನು ಮೆಚ್ಚಲು ಮನಸ್ಸು ಬರುವುದಿಲ್ಲ. ಆದರೆ ಹಳಿ ಎಷ್ಟು ತಡೆಯುತ್ತದೆ ಅನ್ನುವ ಒಂದೇ ಪ್ರಶ್ನೆಯಿಂದ ಹೊರಟರೆ ಯಾರೇ ಆದರೂ ಹೆಚ್ಚುಕಡಿಮೆ ಅದೇ ಸಂಖ್ಯೆಗೆ ಬಂದು ನಿಲ್ಲುತ್ತಾರೆ ಅಂತ ಗೊತ್ತಾದಾಗ ನನ್ನ ಮಾದರಿಯ ಮೇಲೆ ನನಗೆ ನಂಬಿಕೆ ಬಂತು.

ಈಗ ಎಂಜಿನ್ ಓಡಿಸುವ ಕೆಲಸ ನಡೆಯುತ್ತಿದೆ. ದೊಡ್ಡ ವಸ್ತು ನಿಧಾನವಾಗಿ ತೂಗಬೇಕು. ಒಂದು ಮೀಟರ್ ಉದ್ದದ ಲೋಲಕ ಹೋಗಿ ಬರಲು 2 ಸೆಕೆಂಡ್ ತೆಗೆದುಕೊಂಡರೆ ನಾಲ್ಕು ಮೀಟರಿನದು 4 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮುಂದೆ ನೇತಾಡುವ ಸರಪಳಿ ಬೇಗ ಬೇಗ ಅಲ್ಲಾಡಿದರೆ ಎಂಜಿನ್ ತಕ್ಷಣ ಆಟಿಕೆಯಾಗಿಬಿಡುತ್ತದೆ. ಸರಪಳಿಯ ಈ ಒಂದು ತೂಗಾಟಕ್ಕೇ ಎರಡು ಸಂಜೆ ಹಿಡಿಯಿತು.

ಉಳಿದಿರುವುದು ತಿರುವು. ನನ್ನ ಎರಡು ಹಳಿದಾರಿಗಳ ನಡುವೆ 5 ಮೀಟರ್ ಅಂತರ. ಎಂಜಿನ್ ಕಾಲು ಸುತ್ತು ತಿರುಗಿದರೆ ಹೊರಗಿನ ದಾರಿ ಒಳಗಿನದಕ್ಕಿಂತ 7.85 ಮೀಟರ್ ಜಾಸ್ತಿ. ತಿರುವು ಎಷ್ಟೇ ಅಗಲವಾಗಿರಲಿ, ಈ ವ್ಯತ್ಯಾಸ ಅಷ್ಟೇ. ಅಂದರೆ ಹೊರಗಿನ ಗಾಲಿ ಹೆಚ್ಚುಕಡಿಮೆ ಒಂದೂವರೆ ಸುತ್ತು ಜಾಸ್ತಿ ತಿರುಗಬೇಕು. ಎರಡೂ ಬದಿಯ ಗಾಲಿಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಹಾಗಿಲ್ಲ, ಬಾಯ್ಲರ್ ಒಂದೇ ಆದರೂ ಬದಿಗೊಂದರಂತೆ ಬೇರೆ ಬೇರೆ ಸಿಲಿಂಡರ್ ಜೋಡಿಗಳು ಬೇಕು. ಎರಡು ಸಿಲಿಂಡರಿನ ಉಗಿ ಎಂಜಿನ್ ಗಾಲಿಯ ಪ್ರತಿ ಸುತ್ತಿಗೆ ನಾಲ್ಕು ಸಲ ಚುಕ್ ಅನ್ನುತ್ತದೆ. ನೇರ ದಾರಿಯಲ್ಲಿ ಎರಡೂ ಬದಿಯ ಸದ್ದು ಒಂದೇ ಆಗಿ ಕೇಳುತ್ತಿರುತ್ತದೆ. ತಿರುವಿಗೆ ಬಂದಾಗ ಹೊರಗಿನದು ಕೂದಲೆಳೆಯಷ್ಟು ಮುಂದೆ ಹೋಗಿ, ಸದ್ದು ಎರಡಾಗಿ ಒಡೆದು, ಮತ್ತೆ ಕೂಡಿ, ಮತ್ತೆ ಒಡೆದು, ಕಾಲು ಸುತ್ತು ಮುಗಿಯುವಷ್ಟರಲ್ಲಿ ಹೀಗೆ ಸುಮಾರು ಆರು ಸಲ ಆಗುತ್ತದೆ. ನಿನ್ನೆ ರಾತ್ರಿ ಆ ಸದ್ದನ್ನು ಮೊದಲ ಸಲ ಸರಿಯಾಗಿ ಕೂರಿಸಿ, ಹೆಡ್‌ಫೋನ್ ಹಾಕಿಕೊಂಡು, ಬರೀ ಆ ತಿರುವನ್ನೇ ಮತ್ತೆ ಮತ್ತೆ ಓಡಿಸಿ ಕೇಳಿದೆ.