ಸೈನಿಕನೋ, ಸಾಮಾನೋ?

ಯುದ್ಧದಲ್ಲಿ ದುಡಿದ ನಾಯಿಗೆ ಪದಕ ಕೊಡುತ್ತಾರೆ, ಉಗ್ರಾಣದ ಲೆಕ್ಕದಲ್ಲಿ ಅದನ್ನು ಸಾಮಗ್ರಿ ಎಂದು ಬರೆಯುತ್ತಾರೆ. ಈ ಗೊಂದಲ ಇಂದಿನದಲ್ಲ. ಚತುರಂಗ ಬಲವನ್ನೇ ನೋಡಿ: ಆನೆ, ಕುದುರೆ ಎರಡು ಅಂಗಗಳು, ಮೂರನೆಯದಾದ ರಥವೂ ಕುದುರೆಯಿಲ್ಲದೆ ಕದಲದು. ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಂಡೆಯಲ್ಲಿ ಪೋರಸ್‌ನ ಆನೆಗಳು ಮೊದಲು ಅಲೆಕ್ಸಾಂಡರನ ಪಡೆಯನ್ನು ತುಳಿದವು, ಗಾಯಗೊಂಡು ಬೆದರಿದ ಮೇಲೆ ತಮ್ಮವರನ್ನೂ ತುಳಿದವು. ಅವುಗಳಿಗೆ ಪಕ್ಷವೆಂಬುದು ಇದ್ದರೆ ತಾನೇ!

ಮುಂದಿನ ಎರಡು ಸಾವಿರ ವರ್ಷ ಕುದುರೆಯದೇ ಕಾಲ. ಮುಳ್ಳುತಂತಿ, ಮೆಷಿನ್‌ಗನ್‌ಗಳ ಮುಂದೆ ಅಶ್ವದಳದ ಆಟ ಸಾಗದಾದರೂ ಕೆಸರಿನಲ್ಲಿ ಫಿರಂಗಿ ಎಳೆಯುವ ಕೆಲಸ ತಪ್ಪಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ಕುದುರೆ, ಹೇಸರಗತ್ತೆ, ಕತ್ತೆಗಳು ಸುಮಾರು 80 ಲಕ್ಷವೆಂಬ ಅಂದಾಜಿದೆ.

ಅದೇ ಯುದ್ಧದಲ್ಲಿ ಷೆಲ್ ಬಿದ್ದು ದೂರವಾಣಿ ತಂತಿ ಕಡಿದಾಗ ಉಳಿಯುತ್ತಿದ್ದುದು ಪಾರಿವಾಳ. ಅದು ಎಲ್ಲಿಗೆಂದರಲ್ಲಿಗೆ ಹೋಗುವ ಅಂಚೆಯಾಳಲ್ಲ. ಅದಕ್ಕೆ ಗೊತ್ತಿರುವುದು ತನ್ನ ಗೂಡಿನ ದಾರಿಯೊಂದೇ. ಆದ್ದರಿಂದ ಬುಟ್ಟಿಯಲ್ಲಿಟ್ಟು ರಣರಂಗಕ್ಕೆ ಹೊತ್ತೊಯ್ದು, ಕಾಲಿಗೆ ಪುಟ್ಟ ಕೊಳವೆಯಲ್ಲಿ ಚೀಟಿ ಕಟ್ಟಿ ಹಾರಿಬಿಡುತ್ತಿದ್ದರು. ನಾವು ಕರ್ತವ್ಯನಿಷ್ಠೆ ಎಂದು ಕರೆದದ್ದು ಮನೆಯ ಸೆಳೆತ ಅಷ್ಟೆ. 1918ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಆರ್ಗಾನ್ ಕಾಡಿನಲ್ಲಿ ಸಿಕ್ಕಿಬಿದ್ದ ಅಮೆರಿಕದ ತುಕಡಿಯ ಮೇಲೆ ಅದರದೇ ಫಿರಂಗಿಗಳು ಗುಂಡು ಸುರಿಸುತ್ತಿದ್ದವು. ನಿಲ್ಲಿಸಿ ಎಂಬ ಚೀಟಿ ಪಾರಿವಾಳದ ಕಾಲಿನಲ್ಲೇ ಹೋಯಿತು. ಅದನ್ನು ಒಯ್ದದ್ದೆಂದು ಹೆಸರಾದ ಷೆರ್ ಅಮಿ ಎದೆಗೆ ಪೆಟ್ಟು ತಿಂದು, ಒಂದು ಕಾಲು ಕಳೆದುಕೊಂಡಿತ್ತು. ಅದರ ದೇಹವನ್ನು ಒಂಟಿ ಕಾಲಿನಲ್ಲೇ ನಿಲ್ಲಿಸಿ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಕಾಪಾಡಿದ್ದಾರೆ. ಅದು ಗಂಡೋ ಹೆಣ್ಣೋ ಎಂಬ ವಾದ ಮುಗಿದದ್ದು 2021ರ ಡಿಎನ್‌ಎ ಪರೀಕ್ಷೆಯಿಂದ: ಗಂಡು.

ಪ್ರಾಣಿಗಳಿಗೆಂದೇ ಬ್ರಿಟನ್ನಿನಲ್ಲಿ ಡಿಕಿನ್ ಪದಕ ಆರಂಭವಾದದ್ದು 1943ರಲ್ಲಿ. ಮೊದಲು ಪಡೆದವು ಮೂರು ಪಾರಿವಾಳಗಳು. ಆ ಎರಡನೆಯ ಮಹಾಯುದ್ಧದಲ್ಲೇ ಸೋವಿಯತ್ ಪಡೆ ಟ್ಯಾಂಕಿನಡಿ ಆಹಾರವಿಟ್ಟು ನಾಯಿಗಳನ್ನು ಪಳಗಿಸಿ, ಬೆನ್ನಿಗೆ ಸಿಡಿಮದ್ದು ಕಟ್ಟಿ ಬಿಟ್ಟಿತ್ತು. ಅವುಗಳಲ್ಲಿ ಕೆಲವು ಪರಿಚಯದ ವಾಸನೆ ಹಿಡಿದು ಸ್ವಂತ ಟ್ಯಾಂಕುಗಳತ್ತಲೇ ಓಡಿದವು.

ವಿಯೆಟ್ನಾಂನಲ್ಲಿ ಅಮೆರಿಕದ ಸೇನೆಯ ಸಾವಿರಾರು ನಾಯಿಗಳು ಹೊಂಚುದಾಳಿ, ಬಲೆಗಳ ವಾಸನೆ ಹಿಡಿದು ಮುಂದೆ ನಡೆದವು. ಸೇನೆ ಹಿಂದಿರುಗುವಾಗ ಅವು ಹೆಚ್ಚುವರಿ ಸಾಮಗ್ರಿ. ಬಹುಪಾಲು ಅಲ್ಲೇ ಉಳಿದವು ಅಥವಾ ಅವನ್ನು ಕೊಲ್ಲಲಾಯಿತು. ನಿವೃತ್ತ ಸೇನಾ ನಾಯಿಯನ್ನು ದತ್ತು ಕೊಡಲು ಅವಕಾಶವಿತ್ತ ಕಾನೂನು ಬಂದದ್ದು 2000ದಲ್ಲಿ. ಅಷ್ಟರಲ್ಲಿ ಆ ನಾಯಿಗಳ ಹಗ್ಗ ಹಿಡಿದಿದ್ದ ಹುಡುಗರ ತಲೆ ನರೆತಿತ್ತು.